ಹೊಸ ಸರಕು ಮಾರುಕಟ್ಟೆಗೆ ಇಳಿಸುವ ಮುನ್ನ: ಕಲಬುರಗಿ ಭಾಗದ ನವೋದ್ಯಮಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಯಂತ್ರ ಮೊದಲು ತರಬೇಕೇ, ಸಾಲಕ್ಕೆ ಮೊದಲು ಅರ್ಜಿ ಹಾಕಬೇಕೇ, ಲೈಸನ್ಸ್ ಮೊದಲು ಮಾಡಿಸಬೇಕೇ? ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಎಂಜಿನಿಯರಿಂಗ್ ಮುಗಿಸಿ ಊರಿಗೆ ಮರಳಿದವರಿದ್ದಾರೆ, ಸ್ವಸಹಾಯ ಸಂಘದ ಮಹಿಳೆಯರಿದ್ದಾರೆ, ದಾಲ್ ಮಿಲ್ಲಿನಲ್ಲಿ ಹತ್ತಾರು ವರ್ಷ ದುಡಿದು ಈಗ ಸ್ವಂತದ್ದೊಂದು ಮಾಡಬೇಕು ಎಂದುಕೊಂಡವರೂ ಇದ್ದಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಹೊಸ ಸರಕು ರುಚಿ ಕೆಟ್ಟು ಸೋಲುವುದನ್ನು ನಾನು ಕಂಡದ್ದು ಕಡಿಮೆ. ಎರಡನೆಯ ಸಲ ಮಾಲು ತಯಾರಿಸಲು ಕೈಯಲ್ಲಿ ದುಡ್ಡು ಉಳಿಯದೆ ನಿಂತುಹೋದದ್ದನ್ನು ಬಹಳ ಕಂಡಿದ್ದೇನೆ. ಆ ದುಡ್ಡು ಯಂತ್ರದಲ್ಲಿ, ಅಚ್ಚು ಹಾಕಿಸಿದ ಕವರಿನಲ್ಲಿ, ಅಂಗಡಿಗಳ ಉದ್ರಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ದುಡ್ಡು ಸಿಕ್ಕಿಕೊಳ್ಳುವ ಕೆಲಸಗಳನ್ನು ಆದಷ್ಟು ಹಿಂದಕ್ಕೆ ತಳ್ಳಿ ಈ ಹಂತಗಳನ್ನು ಜೋಡಿಸಿದ್ದೇನೆ. ದಯವಿಟ್ಟು ಅನುಕ್ರಮ ತಪ್ಪಿಸಬೇಡಿ.

ಉದಾಹರಣೆಗೆ ಒಂದೇ ವಸ್ತುವನ್ನು ಹಿಡಿದುಕೊಂಡಿದ್ದೇನೆ: ಪೊಟ್ಟಣ ಕಟ್ಟಿ ಮಾರುವ ಶೇಂಗಾ ಹಿಂಡಿ. ದಕ್ಷಿಣದವರು ಇದನ್ನು ಕಡಲೆಕಾಯಿ ಚಟ್ನಿಪುಡಿ ಎನ್ನುತ್ತಾರೆ. ನೀವು ರೊಟ್ಟಿ, ತೊಗರಿ ಬೇಳೆ, ಬೀದರಿನ ಶುಂಠಿಯ ಪದಾರ್ಥ ಅಥವಾ ಕೃಷಿ ಯಂತ್ರ ಮಾಡುವವರಾಗಿದ್ದರೂ ಲೆಕ್ಕದ ದಾರಿ ಇದೇ. ಬೇರೆಯಾಗುವ ಕಡೆ ಹೇಳುತ್ತೇನೆ.

ಆರಂಭಕ್ಕೆ ಬೇಕಾದದ್ದು ಒಂದು ಲೆಕ್ಕದ ಪುಸ್ತಕ, ಗ್ರಾಂ ತೋರಿಸುವ ತಕ್ಕಡಿ, ಉದ್ಯಮಕ್ಕೆಂದೇ ತೆರೆದ ಬ್ಯಾಂಕ್ ಖಾತೆ ಮತ್ತು ಆರು ತಿಂಗಳು ಈ ಉದ್ಯಮದಿಂದ ಒಂದು ರೂಪಾಯಿ ತೆಗೆಯದೆ ಮನೆ ನಡೆಸುವ ವ್ಯವಸ್ಥೆ. ಕೊನೆಯದು ಇಲ್ಲದಿದ್ದರೆ ಈಗಿರುವ ಕೆಲಸ ಬಿಡಬೇಡಿ. ಸಂಜೆಯ ಹೊತ್ತಿನಲ್ಲಿ, ರಜೆಯ ದಿನಗಳಲ್ಲಿ ಆರಂಭಿಸಿ.

ಹಂತ 1: ಹೊಗಳಿಕೆ ಬೇಡ, ದುಡ್ಡು ಕೇಳಿ

ಮನೆಯಲ್ಲಿ ಮಾಡಿದ ಹಿಂಡಿಯನ್ನು ನೆಂಟರಿಗೆ, ಗೆಳೆಯರಿಗೆ ಕೊಟ್ಟು "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂದೇ ಹೇಳುತ್ತಾರೆ. ಬಿಟ್ಟಿ ತಿಂದವರು ಬೇರೇನು ಹೇಳಿಯಾರು? ಆ ಮಾತನ್ನು ನಂಬಿ ಲಕ್ಷ ರೂಪಾಯಿಯ ಯಂತ್ರ ತಂದವರಿದ್ದಾರೆ.

ಹತ್ತು ಕಿಲೋ ಮಾತ್ರ ಮಾಡಿ. ಆಹಾರ ಪದಾರ್ಥವಾದರೆ, ಹಂತ 4ರಲ್ಲಿ ಹೇಳಿರುವ ಆಹಾರ ಸುರಕ್ಷತೆಯ ನೋಂದಣಿಯನ್ನು ಮಾತ್ರ ಮಾರುವ ಮೊದಲೇ ಮಾಡಿಸಿಕೊಳ್ಳಿ. ನಿಮ್ಮ ಪರಿಚಯವಿಲ್ಲದ ಮೂವತ್ತು ಜನರಿಗೆ ದುಡ್ಡಿಗೆ ಮಾರಿ. ಅವರು ಯಾರು ಎಂಬುದನ್ನು ನೀವೇ ಯೋಚಿಸಿ ಆರಿಸಿ: ಸೇಡಂ ರಸ್ತೆಯ ಬಾಡಿಗೆ ಕೋಣೆಗಳಲ್ಲಿ ಓದುವ ಹುಡುಗರು, ಖಾನಾವಳಿ ನಡೆಸುವವರು, ಇಬ್ಬರೂ ನೌಕರಿಗೆ ಹೋಗುವ ದಂಪತಿ, ಬೆಂಗಳೂರಿನಲ್ಲಿ ಮಕ್ಕಳಿರುವ ತಂದೆತಾಯಿ. ಹದಿನೈದು ದಿನ ಬಿಟ್ಟು ಮತ್ತೆ ಅವರ ಬಳಿ ಹೋಗಿ. ಎಷ್ಟು ಮಂದಿ ಮತ್ತೊಂದು ಪೊಟ್ಟಣಕ್ಕೆ ದುಡ್ಡು ಕೊಟ್ಟರು ಎಂಬುದನ್ನು ಮಾತ್ರ ಪುಸ್ತಕದಲ್ಲಿ ಬರೆಯಿರಿ. ಮೂವತ್ತರಲ್ಲಿ ಹತ್ತು ಮಂದಿಯಾದರೂ ಮತ್ತೆ ಕೊಂಡರೆ ಮುಂದುವರಿಯಿರಿ ಎಂಬುದು ನಾನು ಇಟ್ಟುಕೊಂಡಿರುವ ಅಳತೆ. ಕೊಳ್ಳದವರನ್ನು ಕೇಳಿ; ನಿಜವಾದ ಸಲಹೆ ಸಿಗುವುದು ಅವರಿಂದಲೇ. ಖಾರ ಹೆಚ್ಚಾಯಿತು, ಬೆಳ್ಳುಳ್ಳಿ ವಾಸನೆ ಕಚೇರಿಯ ಡಬ್ಬಿಗೆ ಆಗುವುದಿಲ್ಲ, ಪೊಟ್ಟಣ ಒಮ್ಮೆ ಬಿಚ್ಚಿದರೆ ಮತ್ತೆ ಮುಚ್ಚಲು ಬರುವುದಿಲ್ಲ. ಇಂಥ ಒಂದೊಂದು ಮಾತೂ ನಿಮ್ಮ ಸಾವಿರಾರು ರೂಪಾಯಿ ಉಳಿಸುತ್ತದೆ.

ರೊಟ್ಟಿ ಮಾಡುವವರು ಇನ್ನೊಂದನ್ನು ಗಮನಿಸಬೇಕು. ಜಿಲ್ಲಾಡಳಿತವೇ ಸ್ವಸಹಾಯ ಸಂಘಗಳ ಮಹಿಳೆಯರನ್ನು ಒಗ್ಗೂಡಿಸಿ "ಕಲಬುರಗಿ ರೊಟ್ಟಿ" ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿದೆ. ಅದರ ಎದುರು ನಿಲ್ಲುತ್ತೀರೋ, ಅದರ ಜೊತೆ ಸೇರುತ್ತೀರೋ ಎಂಬುದನ್ನು ಬಂಡವಾಳ ಹಾಕುವ ಮೊದಲೇ ತೀರ್ಮಾನಿಸಿ. ಜೊತೆ ಸೇರುವುದರಲ್ಲಿ ಸಣ್ಣತನವೇನೂ ಇಲ್ಲ.

ಹಂತ 2: ನಮ್ಮ ಬಿಸಿಲಲ್ಲಿ, ನಮ್ಮ ಮಳೆಯಲ್ಲಿ ಇಟ್ಟು ನೋಡಿ

ಬೇರೆ ಊರಿನ ಮಾರ್ಗದರ್ಶಿಗಳು ಈ ಹಂತವನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ನಮಗೆ ಅದು ಸಾಲದು. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಹೊಸತಲ್ಲ. ತಗಡಿನ ಚಾವಣಿಯ ಕಿರಾಣಿ ಅಂಗಡಿಯೊಳಗೆ ಸೆಕೆ ಇನ್ನೂ ಹೆಚ್ಚು. ಬೆಂಗಳೂರಿನ ಹವೆಯಲ್ಲಿ ಆರು ತಿಂಗಳು ಕೆಡದ ಪದಾರ್ಥ ಇಲ್ಲಿ ಎರಡು ತಿಂಗಳಿಗೆ ಕೆಟ್ಟರೂ ಆಶ್ಚರ್ಯವಿಲ್ಲ.

ಶೇಂಗಾದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಹುರಿದು ಕುಟ್ಟಿದಾಗ ಆ ಎಣ್ಣೆ ಹೊರಬಂದು ಗಾಳಿ, ಬೆಳಕು, ಸೆಕೆಗೆ ಒಡ್ಡಿಕೊಳ್ಳುತ್ತದೆ. ಕಮಟು ವಾಸನೆ ಹಿಡಿಯುತ್ತದೆ. ನಾನೊಮ್ಮೆ ಏಪ್ರಿಲ್‌ನಲ್ಲಿ ಕೊಟ್ಟಿದ್ದ ಪಾರದರ್ಶಕ ಪೊಟ್ಟಣಗಳನ್ನು ಮೇ ಕೊನೆಯಲ್ಲಿ ಅಂಗಡಿಯಿಂದ ವಾಪಸು ತಂದು ನೋಡಿದೆ. ಕಾಗದದ ಲೇಬಲ್ಲಿನ ಸುತ್ತ ಎಣ್ಣೆಯ ಹಳದಿ ಉಂಗುರ ಹಬ್ಬಿತ್ತು, ಅಂಟು ಬಿಟ್ಟು ಲೇಬಲ್ಲಿನ ಒಂದು ಮೂಲೆ ಮೇಲೆದ್ದಿತ್ತು, ತಯಾರಿಕೆಯ ದಿನಾಂಕ ಎಣ್ಣೆಯಲ್ಲಿ ಕದಡಿ ಓದಲು ಬರುತ್ತಿರಲಿಲ್ಲ. ಒಳಗಿನ ಹಿಂಡಿ ಇನ್ನೂ ತಿನ್ನುವಂತಿತ್ತು. ಆದರೆ ಆ ಪೊಟ್ಟಣವನ್ನು ಯಾರೂ ಕೈಗೆತ್ತಿಕೊಳ್ಳುವಂತಿರಲಿಲ್ಲ.

ಪರೀಕ್ಷೆ ಮಾಡುವ ಕ್ರಮ ಹೀಗಿರಲಿ. ಒಂದೇ ದಿನ ಮಾಡಿದ ಇಪ್ಪತ್ತನಾಲ್ಕು ಪೊಟ್ಟಣ ಕಟ್ಟಿ. ಅರ್ಧ ಸಾದಾ ಪ್ಲಾಸ್ಟಿಕ್ ಕವರಿನಲ್ಲಿ, ಅರ್ಧ ಒಳಗೆ ಅಲ್ಯುಮಿನಿಯಂ ಪದರವಿರುವ ಕವರಿನಲ್ಲಿ. ಅವನ್ನು ನಿಮ್ಮ ಮನೆಯ ತಂಪು ಕಪಾಟಿನಲ್ಲಿ ಇಡದೆ, ಪರಿಚಯದ ಅಂಗಡಿಯವರನ್ನು ಕೇಳಿ ಎದುರಿನ ಹಲಗೆಯ ಮೇಲೆ ಇಡಿ. ಹದಿನೈದು ದಿನಕ್ಕೊಮ್ಮೆ ಎರಡೂ ಬಗೆಯ ಒಂದೊಂದನ್ನು ಬಿಚ್ಚಿ ವಾಸನೆ, ರುಚಿ, ಬಣ್ಣ, ಲೇಬಲ್ಲಿನ ಸ್ಥಿತಿ ಬರೆದುಕೊಳ್ಳಿ. ಕಮಟು ಕಾಣಲು ಹಿಡಿದ ದಿನಗಳಲ್ಲಿ ಮೂರನೇ ಒಂದು ಭಾಗ ಕಳೆದು ಉಳಿದದ್ದನ್ನು ನಿಮ್ಮ ಬಾಳಿಕೆಯ ಅವಧಿ ಎಂದು ಸದ್ಯಕ್ಕೆ ಇಟ್ಟುಕೊಳ್ಳಿ. ದೊಡ್ಡ ಪ್ರಮಾಣಕ್ಕೆ ಹೋಗುವ ಮುನ್ನ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲೇಬೇಕು. ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಇದೇ ಕ್ಷೇತ್ರದ್ದು.

ಕಡಕ್ ರೊಟ್ಟಿಯವರಿಗೆ ಶತ್ರು ಬಿಸಿಲಲ್ಲ, ಶ್ರಾವಣದ ತೇವ. ಬೇಸಿಗೆಯಲ್ಲಿ ಗೆದ್ದ ಪೊಟ್ಟಣ ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ಎರಡೂ ಕಾಲ ನೋಡದೆ ಬಾಳಿಕೆಯ ಅವಧಿ ಅಚ್ಚು ಹಾಕಿಸಬೇಡಿ.

ಕೃಷಿ ಯಂತ್ರ ಮಾಡುವವರಿಗೆ ಕಾಲದ ಲೆಕ್ಕ ಇನ್ನೂ ಬಿಗಿ. ತೊಗರಿಯ ಕುಡಿ ಚಿವುಟುವ ಯಂತ್ರವನ್ನೇ ತೆಗೆದುಕೊಳ್ಳಿ. ಜೂನ್, ಜುಲೈನಲ್ಲಿ ಬಿತ್ತನೆ, ಅದಾದ ಒಂದೂವರೆ ಎರಡು ತಿಂಗಳಿಗೆ ಕುಡಿ ಚಿವುಟುವ ಕೆಲಸ. ರೈತನಿಗೆ ಆ ಯಂತ್ರ ಬೇಕಾಗುವುದು ಆ ಕೆಲವೇ ವಾರಗಳಲ್ಲಿ. ಸೆಪ್ಟೆಂಬರ್ ಕೊನೆಗೆ "ಯಂತ್ರ ಸಿದ್ಧವಾಯಿತು" ಎಂದರೆ ಒಂದು ವರ್ಷ ಕಾಯಬೇಕು, ಆ ವರ್ಷದ ಬಾಡಿಗೆ, ಬಡ್ಡಿ ಎರಡೂ ನಿಮ್ಮ ತಲೆಯ ಮೇಲೆ. ಪರೀಕ್ಷೆಗೆ ಒಂದು ಹಂಗಾಮು, ಮಾರಾಟಕ್ಕೆ ಅದರ ಮುಂದಿನದು ಎಂದು ಎರಡು ವರ್ಷದ ಯೋಜನೆ ಹಾಕಿಕೊಳ್ಳಿ. ಪ್ರಯೋಗಕ್ಕೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರನ್ನು ಮೊದಲೇ ಕಂಡು ಮಾತಾಡಿ. ರೈತರು ಅವರ ಮಾತಿಗೆ ಬೆಲೆ ಕೊಡುತ್ತಾರೆ.

ಹಂತ 3: ಬೆಲೆಯ ಲೆಕ್ಕ

ನೂರರಲ್ಲಿ ತೊಂಬತ್ತು ಮಂದಿ ಎಡವುವುದು ಇಲ್ಲಿ ಎಂದೇ ನನ್ನ ಅನಿಸಿಕೆ. ಪಕ್ಕದ ಬ್ರ್ಯಾಂಡಿನ ಬೆಲೆ ನೋಡಿ, ಅದಕ್ಕಿಂತ ಐದು ರೂಪಾಯಿ ಕಡಿಮೆ ಇಡುತ್ತಾರೆ. ಹಾಗೆ ಮಾಡಿದರೆ ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ.

200 ಗ್ರಾಂ ಪೊಟ್ಟಣದ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮವನ್ನು ನೀವು ತುಂಬಿಕೊಳ್ಳಿ. ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿ 28 ರೂಪಾಯಿ. ಇದರಲ್ಲಿ ಹುರಿದಾಗ ಕಡಿಮೆಯಾಗುವ ತೂಕ, ಸಿಪ್ಪೆ, ಆರಿಸಿ ಬಿಸಾಡಿದ ಕೆಟ್ಟ ಕಾಳು ಎಲ್ಲ ಸೇರಿರಬೇಕು. ಕೂಲಿ 6, ಗ್ಯಾಸ್ ಮತ್ತು ವಿದ್ಯುತ್ 2, ಕವರು ಲೇಬಲ್ಲು 5, ಡಬ್ಬ ಮತ್ತು ಸಾಗಣೆ 3, ಹಾಳಾದ ಹಾಗೂ ವಾಪಸು ಬಂದ ಮಾಲಿಗೆ 4. ಒಟ್ಟು 48 ರೂಪಾಯಿ. ಕೂಲಿಯಲ್ಲಿ ನಿಮ್ಮ ತಾಯಿಯವರ, ಹೆಂಡತಿಯ ದುಡಿಮೆಯನ್ನೂ ಸೇರಿಸಬೇಕು. ಮನೆಯವರ ಶ್ರಮಕ್ಕೆ ಸೊನ್ನೆ ಹಾಕಿ ಬೆಲೆ ಕಟ್ಟಿದರೆ, ನಾಳೆ ಒಬ್ಬ ಆಳನ್ನು ಇಟ್ಟುಕೊಂಡ ದಿನವೇ ಲೆಕ್ಕ ಕುಸಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದು ಅವರಿಗೆ ಮಾಡುವ ಅನ್ಯಾಯ.

ಈಗ ಮೇಲಿನಿಂದ ಕೆಳಗೆ ಬನ್ನಿ. ಗರಿಷ್ಠ ಮಾರಾಟ ಬೆಲೆ, ಅಂದರೆ ಎಂಆರ್‌ಪಿ, 80 ರೂಪಾಯಿ ಇಟ್ಟಿರಿ ಎನ್ನೋಣ. ಅಂಗಡಿಯವರ ಪಾಲು ಶೇಕಡ 20 ಎಂದರೆ 16 ರೂಪಾಯಿ. ವಿತರಕರ ಪಾಲು ಶೇಕಡ 8 ಎಂದರೆ 6 ರೂಪಾಯಿ 40 ಪೈಸೆ. ಶೇಕಡ 5ರ ಜಿಎಸ್‌ಟಿ ಬೆಲೆಯ ಒಳಗೇ ಇರುವುದರಿಂದ ಸುಮಾರು 3 ರೂಪಾಯಿ 80 ಪೈಸೆ. ನಿಮ್ಮ ಕೈಗೆ ಬರುವುದು 53 ರೂಪಾಯಿ 80 ಪೈಸೆ. ಖರ್ಚು 48 ಕಳೆದರೆ ಉಳಿಯುವುದು 5 ರೂಪಾಯಿ 80 ಪೈಸೆ. ಕೋಣೆಯ ಬಾಡಿಗೆ, ಸಾಲದ ಕಂತು, ನಿಮ್ಮ ಸಂಬಳ ಎಲ್ಲವೂ ಇದರಲ್ಲೇ ಆಗಬೇಕು. ಅದೇ ಪೊಟ್ಟಣಕ್ಕೆ 60 ರೂಪಾಯಿ ಇಟ್ಟಿದ್ದರೆ ಇದೇ ಕಡಿತಗಳ ನಂತರ ಕೈಗೆ ಬರುವುದು 40 ರೂಪಾಯಿ ಚಿಲ್ಲರೆ. ಒಂದೊಂದು ಪೊಟ್ಟಣಕ್ಕೂ ಏಳೂವರೆ ರೂಪಾಯಿಗಿಂತ ಹೆಚ್ಚು ನಷ್ಟ.

ಲೆಕ್ಕ ಹೊಂದದಿದ್ದರೆ ಏನು ಮಾಡಬೇಕು? ಮೊದಲು ವಿತರಕರನ್ನು ಬಿಟ್ಟು ನೀವೇ ಅಂಗಡಿಗೆ ಹಾಕಿ. 6 ರೂಪಾಯಿ ಉಳಿಯಿತು. ನೇರವಾಗಿ ಮನೆಗಳಿಗೆ, ಖಾನಾವಳಿಗಳಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟರೆ ಕವರಿನ ಖರ್ಚೂ ಇಳಿಯುತ್ತದೆ. ಶೇಂಗಾ ಬೆಲೆ ವರ್ಷವಿಡೀ ಒಂದೇ ಇರುವುದಿಲ್ಲ. ಸುಗ್ಗಿಯ ದರಕ್ಕೆ ಲೆಕ್ಕ ಹಾಕಿ ಆಷಾಢದಲ್ಲಿ ಕೊಳ್ಳಲು ಹೋದರೆ ಇದ್ದ ಲಾಭವೂ ಮಾಯ. ವರ್ಷದ ದುಬಾರಿ ತಿಂಗಳ ದರವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಹಂತ 4: ಹೆಸರು ಮತ್ತು ಕಾಗದಪತ್ರ

ಇಲ್ಲಿಗೆ ಬರುವ ಹೊತ್ತಿಗೆ ಜನ ಮತ್ತೆ ಕೊಳ್ಳುತ್ತಾರೆ, ಮಾಲು ಕೆಡುವುದಿಲ್ಲ, ಬೆಲೆ ಹೊಂದುತ್ತದೆ ಎಂಬುದು ಗೊತ್ತಾಗಿರುತ್ತದೆ. ಹಂತ 1ರ ಮಾರಾಟಕ್ಕೂ ಆಹಾರ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ಎಫ್‌ಎಸ್‌ಎಸ್‌ಎಐ ಎಂದರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ. ಸಣ್ಣ ವಹಿವಾಟಿನವರಿಗೆ ಸರಳ ನೋಂದಣಿ, ಅದಕ್ಕಿಂತ ದೊಡ್ಡವರಿಗೆ ಪರವಾನಗಿ. ಫಾಸ್ಕಾಸ್ ಎಂಬ ಪ್ರಾಧಿಕಾರದ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಲೇಬೇಕು.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಎಂಬ ಸರ್ಕಾರಿ ಗುರುತು, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಪೂರ್ತಿ ಉಚಿತ. ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಸಾವಿರ ಎರಡು ಸಾವಿರ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಸರ್ಕಾರಿ ತಾಣಗಳಿಗೆ ಇರುವ "ಗವ್ ಡಾಟ್ ಇನ್" ಇದೆಯೇ ನೋಡಿ, ಇಲ್ಲದಿದ್ದರೆ ಮುಚ್ಚಿಬಿಡಿ.

ಬ್ರ್ಯಾಂಡಿನ ಹೆಸರನ್ನು ಅಚ್ಚಿಗೆ ಕೊಡುವ ಮುನ್ನ ಟ್ರೇಡ್‌ಮಾರ್ಕ್ ತಾಣದಲ್ಲಿ ಹುಡುಕಿ, ಹುಡುಕಾಟಕ್ಕೆ ಶುಲ್ಕವಿಲ್ಲ. ಬರಿಯ ಊರ ಹೆಸರು ಅಥವಾ "ರುಚಿ ಹಿಂಡಿ"ಯಂತಹ ವರ್ಣನೆಯ ಹೆಸರು ನೋಂದಣಿಗೆ ನಿಲ್ಲುವುದು ಕಷ್ಟ. ವ್ಯಕ್ತಿಗಳಿಗೆ, ನವೋದ್ಯಮಗಳಿಗೆ, ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಉದ್ಯಮ್ ಪತ್ರವನ್ನು ಮೊದಲು ಮಾಡಿಸಿಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ.

ತೊಗರಿ ಬೇಳೆಯವರು ವಿಶೇಷವಾಗಿ ಎಚ್ಚರವಹಿಸಬೇಕು. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಬೇರೆ ಸೀಮೆಯ ಬೇಳೆಗೆ ಆ ಹೆಸರು ಹಾಕುವಂತಿಲ್ಲ. ನಮ್ಮದೇ ನೆಲದ ಬೇಳೆಯಾದರೂ ಜಿಐ ಗುರುತು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಬೀದರಿನ ಬಿದರಿ ಕಲೆಗೂ ಜಿಐ ಇದೆ. ಆನ್‌ಲೈನಿನಲ್ಲಿ ಬಿದರಿ ವಸ್ತು ಮಾರಲು ಹೊರಟವರಿಗೂ ಇದೇ ಮಾತು.

ಇಬ್ಬರು ಮೂವರು ಸೇರಿ ಆರಂಭಿಸುವುದಾದರೆ ಪಾಲು, ಸಂಬಳ, ಒಬ್ಬರು ಬಿಟ್ಟುಹೋದರೆ ಏನು ಎಂಬ ಮೂರು ವಿಷಯಗಳನ್ನು ಇವತ್ತೇ ಕಾಗದದ ಮೇಲೆ ಬರೆದು ಸಹಿ ಹಾಕಿ. ಗೆಳೆತನ ಚೆನ್ನಾಗಿರುವಾಗಲೇ ಬರೆಯಬೇಕಾದ ಕಾಗದ ಅದು. ಕೇಂದ್ರ ಸರ್ಕಾರದ ನವೋದ್ಯಮ ಮಾನ್ಯತೆ ಬೇಕೆಂದಿದ್ದರೆ ಒಬ್ಬರ ಹೆಸರಿನ ಸಾದಾ ಮಾಲೀಕತ್ವ ನಡೆಯುವುದಿಲ್ಲ. ನೋಂದಾಯಿತ ಪಾಲುದಾರಿಕೆ, ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಅಥವಾ ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಬೇಕು. ಹಿಂಡಿ, ರೊಟ್ಟಿ ಮಾರುವವರಿಗೆ ಮೊದಲ ವರ್ಷ ಇದರ ಅವಸರವಿಲ್ಲ.

ಹಂತ 5: ಲೇಬಲ್

ಮೊದಲ ಸಲವೇ ಹತ್ತು ಸಾವಿರ ಕವರು ಅಚ್ಚು ಹಾಕಿಸಬೇಡಿ. ಅಚ್ಚಿನವರು "ಹೆಚ್ಚು ಹಾಕಿಸಿದರೆ ಒಂದಕ್ಕೆ ಒಂದೂವರೆ ರೂಪಾಯಿ ಕಡಿಮೆ ಬೀಳುತ್ತದೆ" ಎನ್ನುತ್ತಾರೆ, ಮಾತು ನಿಜವೇ. ಆದರೆ ಒಂದು ತಪ್ಪು ಸಿಕ್ಕಿದರೆ ಅಷ್ಟೂ ರದ್ದಿ. ಸಾದಾ ಕವರಿನ ಮೇಲೆ ಎಣ್ಣೆ ತಾಗಿದರೂ ಬಿಡದ ಸ್ಟಿಕ್ಕರ್ ಅಂಟಿಸಿ 500ರಿಂದ ಆರಂಭಿಸಿ.

ಕಾನೂನು ಮಾಪನಶಾಸ್ತ್ರದ, ಅಂದರೆ ತೂಕ ಅಳತೆಯ ಕಾನೂನಿನ, 2011ರ ಪೊಟ್ಟಣ ನಿಯಮಗಳು ಮತ್ತು ಆಹಾರ ಸುರಕ್ಷತೆಯ ನಿಯಮಗಳು ಸೇರಿ ಕೇಳುವುದು ಇವನ್ನು: ಪದಾರ್ಥದ ಹೆಸರು, ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಯಾರಿಕೆಯ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಸಂಪರ್ಕಿಸುವ ದೂರವಾಣಿ ಮತ್ತು ಮಿಂಚಂಚೆ, ಹೆಚ್ಚು ಇರುವುದರಿಂದ ಕಡಿಮೆ ಇರುವುದರ ಕ್ರಮದಲ್ಲಿ ಬಳಸಿದ ಪದಾರ್ಥಗಳು, ಪೋಷಕಾಂಶದ ವಿವರ, ಸಸ್ಯಾಹಾರದ ಹಸಿರು ಗುರುತು. ಹೊಸಬರು ಬಿಡುವುದು ಮೂರನ್ನು. ಒಂದು, ಒಂದು ಗ್ರಾಮಿನ ಬೆಲೆ. 200 ಗ್ರಾಮಿಗೆ 80 ರೂಪಾಯಿ ಎಂದರೆ ಗ್ರಾಮಿಗೆ 40 ಪೈಸೆ ಎಂದು ಬರೆಯಬೇಕು. ಎರಡು, ಅಲರ್ಜಿಯ ಎಚ್ಚರಿಕೆ. ಶೇಂಗಾ ಕೆಲವರಿಗೆ ಪ್ರಾಣಾಪಾಯ ತರುವ ಪದಾರ್ಥ, "ಶೇಂಗಾ ಇದೆ" ಎಂದು ಸ್ಪಷ್ಟವಾಗಿ ಬರೆಯಿರಿ. ಮೂರು, ಭಾಷೆ. ಮಾಪನಶಾಸ್ತ್ರದ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಬೇರೆ ಭಾಷೆ ಇರಬಹುದು. ಕನ್ನಡದಲ್ಲಿ ಮಾತ್ರ ಅಚ್ಚು ಹಾಕಿಸಿದರೆ ದಂಡ ಬೀಳುತ್ತದೆ. ಹಾಗೆಂದು ಕನ್ನಡ ಬಿಡಬೇಡಿ. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡವೂ ಇರಬೇಕೆಂಬುದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಆಶಯ. ನಮ್ಮ ಗಿರಾಕಿಗೆ ಮೊದಲು ಕಾಣಬೇಕಾದದ್ದೂ ಕನ್ನಡವೇ. ಇದಲ್ಲದೆ, ಪೊಟ್ಟಣ ಕಟ್ಟಲು ಆರಂಭಿಸಿದ 90 ದಿನದೊಳಗೆ ಮಾಪನಶಾಸ್ತ್ರ ಇಲಾಖೆಯಲ್ಲಿ ಪ್ಯಾಕರ್ ಆಗಿ ನೋಂದಾಯಿಸಿಕೊಳ್ಳಬೇಕು.

ಹಂತ 6: ಅಂಗಡಿಗೆ ಇಳಿಸುವುದು, ದುಡ್ಡು ವಸೂಲಿ

ಸೂಪರ್ ಮಾರ್ಕೆಟ್, ಗಂಜ್, ಬಡಾವಣೆಗಳ ಕಿರಾಣಿ ಎಲ್ಲ ಸೇರಿ ಮೊದಲ ತಿಂಗಳೇ ನೂರೈವತ್ತು ಅಂಗಡಿಗೆ ಹಾಕಿದೆವು ಎಂದು ಸಂತೋಷದಿಂದ ಹೇಳುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ. ಅಂಗಡಿಯವರು ಮಾಲು ಇಟ್ಟುಕೊಂಡ ಮಾತ್ರಕ್ಕೆ ಮಾರಾಟವಾದಂತಲ್ಲ. ನಮ್ಮ ಕಡೆ ಹೊಸ ಮಾಲನ್ನು ಬಹುಪಾಲು ಉದ್ರಿಗೇ ಇಟ್ಟುಕೊಳ್ಳುತ್ತಾರೆ: ಮಾರಿದರೆ ದುಡ್ಡು, ಇಲ್ಲದಿದ್ದರೆ ವಾಪಸು.

ಉದ್ರಿ ಎಷ್ಟು ನುಂಗುತ್ತದೆ ನೋಡಿ. ದಿನಕ್ಕೆ 100 ಪೊಟ್ಟಣ, ಒಂದಕ್ಕೆ 48 ರೂಪಾಯಿ ಎಂದರೆ ದಿನಕ್ಕೆ 4,800 ರೂಪಾಯಿ ಖರ್ಚು. ಅಂಗಡಿಯವರು 45 ದಿನಕ್ಕೆ ದುಡ್ಡು ಕೊಡುತ್ತಾರೆ ಎಂದುಕೊಳ್ಳಿ. ಅದರಲ್ಲಿ ಕೆಲಸದ ದಿನ 37. ಮೊದಲ ರೂಪಾಯಿ ಕೈಗೆ ಬರುವ ಮುನ್ನ 1,77,600 ರೂಪಾಯಿ ಊರ ಅಂಗಡಿಗಳ ಹಲಗೆಯ ಮೇಲೆ ಕುಳಿತಿರುತ್ತದೆ. ಶೇಂಗಾ ಕೊಟ್ಟ ಅಡತಿಯವರು ಅಷ್ಟು ದಿನ ಕಾಯುವುದಿಲ್ಲ. ಹೀಗೆ ನಡುವೆ ಓಡಾಡಲು ಬೇಕಾದ ದುಡ್ಡಿಗೆ ದುಡಿಯುವ ಬಂಡವಾಳ ಎಂದು ಹೆಸರು. ಯೋಜನಾ ವರದಿಗಳಲ್ಲಿ ಯಂತ್ರದ ಬೆಲೆ ರೂಪಾಯಿ ಪೈಸೆಯ ತನಕ ಇರುತ್ತದೆ, ಇದಕ್ಕೆ ಮಾತ್ರ ಒಂದು ಅಂದಾಜಿನ ಸಾಲು.

ಹದಿನೈದು ಅಂಗಡಿಗಳನ್ನು ಆರಿಸಿ. ಒಂದೊಂದಕ್ಕೂ ಹನ್ನೆರಡು ಪೊಟ್ಟಣ, ಹೆಚ್ಚಿಲ್ಲ. ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಂಡು ತಪ್ಪದೆ ಹೋಗಿ. ಹೋದಾಗ ಮೊದಲು ಹಲಗೆಯ ಮೇಲಿನ ಪೊಟ್ಟಣ ಎಣಿಸಿ, ಹಳೆಯವನ್ನು ಮುಂದಕ್ಕೆ ತನ್ನಿ, ದೂಳು ಒರೆಸಿ. ಮಾರಿದಷ್ಟಕ್ಕೆ ದುಡ್ಡು ಪಡೆದ ಮೇಲೆಯೇ ಅಷ್ಟೇ ಸಂಖ್ಯೆಯ ಹೊಸದನ್ನು ಇಡಿ. "ಮುಂದಿನ ವಾರ ಒಟ್ಟಿಗೆ ಕೊಡುತ್ತೇನೆ" ಎಂದರೆ ಮುಖ ಕೆಡಿಸಿಕೊಳ್ಳದೆ, "ಆಗಲಿ ಅಣ್ಣಾವ್ರೇ, ಹೊಸ ಮಾಲನ್ನೂ ಮುಂದಿನ ವಾರವೇ ತರುತ್ತೇನೆ" ಎನ್ನಿ. ಎರಡು ಪ್ರತಿಯ ಬಿಲ್ ಪುಸ್ತಕದಲ್ಲಿ ಅವರ ಸಹಿ ಇರಲಿ. ಸಿಗರೇಟು ಪೆಟ್ಟಿಗೆಯ ಹಿಂದೆ ಬರೆದ ಲೆಕ್ಕ ಮೂರು ತಿಂಗಳ ನಂತರ ಯಾರ ಬಳಿಯೂ ಇರುವುದಿಲ್ಲ, ಆಗ ಜಗಳವಾಗುತ್ತದೆ, ಅಂಗಡಿ ಕೈತಪ್ಪುತ್ತದೆ.

ನಾಲ್ಕು ವಾರ ಸತತವಾಗಿ ಹನ್ನೆರಡರಲ್ಲಿ ಎಂಟು ಪೊಟ್ಟಣ ಹೋದ ಅಂಗಡಿಗೆ ಸಂಖ್ಯೆ ಹೆಚ್ಚಿಸಿ. ಮೂರೇ ಹೋದ ಅಂಗಡಿಯಿಂದ ಮರ್ಯಾದೆಯಿಂದ ಮಾಲು ವಾಪಸು ತಂದು ಬೇರೆ ಕಡೆ ಇಡಿ. ಹದಿನೈದು ಅಂಗಡಿ ಹಿಡಿತಕ್ಕೆ ಬಂದ ಮೇಲೆಯೇ ಹದಿನಾರನೆಯದು.

ದೊಡ್ಡ ಮಳಿಗೆಗಳ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿದೆ. ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಗೆ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನ ಮೀರದಂತೆ ದುಡ್ಡು ಕೊಡಬೇಕು ಎನ್ನುತ್ತದೆ ಕಿರು, ಸಣ್ಣ, ಮಧ್ಯಮ ಉದ್ದಿಮೆಗಳಿಗೆ ಸಂಬಂಧಿಸಿದ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ. ತಡಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಾಲು ಕೊಡುವ ಮೊದಲೇ ನೋಂದಣಿ ಆಗಿರಬೇಕು, ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ. ಬಡಾವಣೆಯ ಕಿರಾಣಿಯವರ ಮುಂದೆ ಈ ಕಾಯ್ದೆಯ ಮಾತೆತ್ತಬೇಡಿ. ಅಲ್ಲಿ ನಡೆಯುವುದು ವಾರವಾರದ ಭೇಟಿಯೇ.

ಹಂತ 7: ಸಾಲ, ಸಹಾಯಧನ

ಈಗ ನಿಮ್ಮ ಬಳಿ ಮೂರು ನಾಲ್ಕು ತಿಂಗಳ ಮಾರಾಟದ ಪುಸ್ತಕ ಇದೆ. ಬ್ಯಾಂಕಿನ ವ್ಯವಸ್ಥಾಪಕರ ಮುಂದೆ ಬಣ್ಣದ ಯೋಜನಾ ವರದಿಗಿಂತ ಅದೇ ಹೆಚ್ಚು ಮಾತಾಡುತ್ತದೆ.

ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ಶೇಕಡ 35ರ ಕೇಂದ್ರ ಸಹಾಯಧನಕ್ಕೆ ಕರ್ನಾಟಕ ಸರ್ಕಾರ ಶೇಕಡ 15 ಸೇರಿಸಿದೆ. ಒಟ್ಟು ಮಿತಿ 15 ಲಕ್ಷ ರೂಪಾಯಿ. ಅರ್ಜಿ ಹಾಕುವ ಹೊತ್ತಿಗೆ ಯಾವ ನಿಯಮ, ಯಾವ ಅನುದಾನ ಜಾರಿಯಲ್ಲಿದೆ ಎಂಬುದನ್ನು ಜಿಲ್ಲೆಯ ಕೃಷಿ ಇಲಾಖೆಯಲ್ಲಿ ಕೇಳಿ. ಇಲ್ಲಿ ಎಲ್ಲರೂ ತಪ್ಪು ತಿಳಿಯುವ ವಿಷಯವೊಂದಿದೆ: ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲಿ ನಿಮ್ಮ ಸಾಲದ ಹೆಸರಿನಲ್ಲಿ ಕುಳಿತಿರುತ್ತದೆ, ಮೂರು ವರ್ಷ ಕಂತು ಸರಿಯಾಗಿ ಕಟ್ಟಿ ಘಟಕ ನಡೆಸಿದ ಮೇಲೆ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. "ಅರ್ಧ ದುಡ್ಡು ಸರ್ಕಾರ ಕೊಡುತ್ತದೆ" ಎಂದು ದುಪ್ಪಟ್ಟು ದೊಡ್ಡ ಯಂತ್ರ ತಂದರೆ ಮೊದಲ ತಿಂಗಳಿಂದಲೇ ದೊಡ್ಡ ಕಂತು ಕಟ್ಟಬೇಕಾಗುತ್ತದೆ. ಯಂತ್ರ ಕೊಳ್ಳುವಾಗ ಅದರ ಪೂರ್ಣ ಸಾಮರ್ಥ್ಯ ನೋಡಬೇಡಿ, ಈಗ ಮಾರಾಟವಾಗುತ್ತಿರುವುದರ ಎರಡು ಪಟ್ಟು ಮಾಡಿದರೆ ಸಾಕು.

ಸಣ್ಣ ಮೊತ್ತಕ್ಕೆ ಮುದ್ರಾ ಸಾಲವಿದೆ. ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ಆಧಾರವಾಗಿ ಆಸ್ತಿ ಕೇಳುವಂತಿಲ್ಲ. ದುಡಿಯುವ ಬಂಡವಾಳಕ್ಕೆ ಇದು ಹೊಂದುತ್ತದೆ. ತಂತ್ರಜ್ಞಾನದ ಹೊಸ ಆವಿಷ್ಕಾರ ಇರುವವರಿಗೆ ರಾಜ್ಯ ಸರ್ಕಾರದ ಎಲಿವೇಟ್ ಸ್ಪರ್ಧೆಯಲ್ಲಿ 50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಕಂಪನಿಯ ಪಾಲು ಬಿಟ್ಟುಕೊಡಬೇಕಿಲ್ಲ. ಕುಡಿ ಚಿವುಟುವ ಹೊಸ ಯಂತ್ರಕ್ಕೆ ಪ್ರಯತ್ನಿಸಿ, ಹಿಂಡಿಗೆ ಅಲ್ಲಿ ಸಮಯ ಕಳೆಯಬೇಡಿ. ಸಾಲ ಮಂಜೂರು ಮಾಡಿಸಿಕೊಡುತ್ತೇನೆ ಎಂದು ಶೇಕಡಾವಾರು ಕೇಳುವ ಮಧ್ಯವರ್ತಿ ಯಾರೇ ಆಗಿರಲಿ, ಅಲ್ಲಿಗೇ ಮಾತು ನಿಲ್ಲಿಸಿ.

ಹಂತ 8: ಬಿಡುಗಡೆ

ಸಭಾಂಗಣ, ಹಾರ, ಶಾಲು, ಶಾಮಿಯಾನದ ಬಿಡುಗಡೆ ಸಮಾರಂಭಕ್ಕೆ ಖರ್ಚು ಮಾಡಬೇಡಿ. ಬಂದವರು ಊಟ ಮಾಡಿ ಹೋಗುತ್ತಾರೆ. ಅದೇ ದುಡ್ಡಿಗೆ ಹೋಳಿಯ ನಂತರದ ಶರಣಬಸವೇಶ್ವರ ಜಾತ್ರೆಯಲ್ಲಿ ಒಂದು ಮೇಜು ಹಾಕಿ, ಬಿಸಿ ರೊಟ್ಟಿಯ ತುಣುಕಿನ ಮೇಲೆ ಚಿಟಿಕೆ ಹಿಂಡಿ, ಹನಿ ಎಣ್ಣೆ ಹಾಕಿ ಕೈಗೆ ಕೊಡಿ. ಪಕ್ಕದಲ್ಲೇ 50 ಗ್ರಾಮಿನ ಸಣ್ಣ ಪೊಟ್ಟಣ ಇರಲಿ, ಬಸ್ಸಿನ ಚಿಲ್ಲರೆಯಲ್ಲಿ ಕೊಳ್ಳುವಂತಿರಲಿ. ಪೊಟ್ಟಣದ ಮೇಲೆ ನಿಮ್ಮ ಹದಿನೈದು ಅಂಗಡಿಗಳಲ್ಲಿ ಹತ್ತಿರದ್ದು ಎಲ್ಲಿದೆ ಎಂಬ ಚೀಟಿ ಅಂಟಿಸಿ.

ಹಂತ 9: ಜಿಲ್ಲೆಯ ಗಡಿ ದಾಟುವಾಗ

ನಮಗೆ ಸೊಲ್ಲಾಪುರ, ಹೈದರಾಬಾದ್ ಬೆಂಗಳೂರಿಗಿಂತ ಬಹಳ ಹತ್ತಿರ. ಬೀದರಿನವರಿಗಂತೂ ಹೈದರಾಬಾದ್ ಮೂರು ಗಂಟೆಯ ದಾರಿ. ಹಾಗಾಗಿ ಮೊದಲ ದೊಡ್ಡ ಆರ್ಡರು ಬಹಳ ಸಲ ಬೇರೆ ರಾಜ್ಯದಿಂದಲೇ ಬರುತ್ತದೆ, ಅಲ್ಲೇ ಜನ ಸಿಕ್ಕಿಬೀಳುತ್ತಾರೆ. ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಈ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ. ತೆರಿಗೆ ಬೀಳುವ ಸರಕಿನ ಒಂದೇ ಒಂದು ಡಬ್ಬ ಹೈದರಾಬಾದಿನ ಅಂಗಡಿಗೆ ಕಳಿಸಿದರೂ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ರೊಟ್ಟಿ, ಚಪಾತಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೂನ್ಯ. ಅದನ್ನು ಮಾತ್ರ ಮಾರುವವರಿಗೆ ಈ ತೊಡಕಿಲ್ಲ. ಪೊಟ್ಟಣದಲ್ಲಿ ಕಟ್ಟಿ ಲೇಬಲ್ ಹಚ್ಚಿದ ಬೇಳೆಗೆ ಶೇಕಡ 5 ಇದೆ. ರೊಟ್ಟಿಯ ಜೊತೆ ಹಿಂಡಿಯನ್ನೂ ಕಳಿಸುವವರು ಲೆಕ್ಕ ಪರಿಶೋಧಕರನ್ನು ಒಮ್ಮೆ ಕೇಳಿಯೇ ಮುಂದುವರಿಯಿರಿ.

ಹೊರರಾಜ್ಯದ ಹೊಸ ವ್ಯಾಪಾರಿಗೆ ಮೊದಲ ಎರಡು ಸಲ ಮುಂಗಡ ಪಡೆದೇ ಮಾಲು ಕಳಿಸಿ, ಎಷ್ಟೇ ದೊಡ್ಡ ಆರ್ಡರು ತೋರಿಸಿದರೂ ಸರಿ. ಇಪ್ಪತ್ತು ಡಬ್ಬದ ಆರ್ಡರು ಬಂದರೆ ಐದು ಡಬ್ಬ ಕಳಿಸಿ, ಹತ್ತನೆಯ ದಿನ ಫೋನ್ ಮಾಡಿ ಎಷ್ಟು ಉಳಿದಿದೆ ಕೇಳಿ, ಸಾಧ್ಯವಾದರೆ ಬಸ್ಸು ಹಿಡಿದು ನೀವೇ ಹೋಗಿ ಆ ಅಂಗಡಿಯ ಹಲಗೆ ನೋಡಿ ಬನ್ನಿ. ಉಳಿದ ಹದಿನೈದು ಡಬ್ಬ ಅದಾದ ಮೇಲೆ.